ಒರೆಗಲ್ಲು ಹೇಳದ ಮಾತು

ಹೋದ ಮಾಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಧಾರವಾಡದ ಮನೆಗೆ ಬಂದು, ರೇಶಿಮೆಯ ವಸ್ತ್ರದಲ್ಲಿ ಸುತ್ತಿದ್ದ ಕ್ಯಾಮೆರಾವೊಂದನ್ನು ಮೇಜಿನ ಮೇಲಿಟ್ಟ. ಲೋಹದ ಭಾಗವೆಲ್ಲ ಚಿನ್ನದ ಬಣ್ಣ. ನಡುವೆ ಉಡದ ಚರ್ಮದಂಥ ಕೆಂಪು ಹೊದಿಕೆ. ನೆತ್ತಿಯ ಮೇಲೆ ‘ಲೈಕಾ’ ಎಂಬ ಕೆತ್ತನೆ. ಅಜ್ಜ ಅದನ್ನು ೧೯೩೧ರಲ್ಲಿ ಮುಂಬಯಿಯಲ್ಲಿ ಕೊಂಡರೆಂಬುದು ಮನೆಯ ಮಾತು. ಹುಬ್ಬಳ್ಳಿಯ ಅಕ್ಕಸಾಲಿಗರೊಬ್ಬರು ಒರೆಗೆ ಹಚ್ಚಿ ನೋಡಿ, ಚಿನ್ನವೇ ಹೌದೆಂದಿದ್ದರಂತೆ. ಮಗಳ ಮದುವೆ ಹತ್ತಿರ ಬಂದಿತ್ತು.

“ಇದು ಖರೇ ಅದ ಏನ್ರಿ ಸರ?” ಎಂದು ಕೇಳಿದ.

ನಾನು ತಾಮ್ರಪಟಗಳನ್ನು ಓದುತ್ತ ಕಣ್ಣು ಸವೆಸಿದವನು, ಯಂತ್ರಗಳ ಪಂಡಿತನಲ್ಲ. ಆದರೂ ಈ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಕನ್ನಡ ಜಿಲ್ಲೆಗಳ ಅರಸುಮನೆತನಗಳ ಇತಿಹಾಸ ಬರೆದ ಫ್ಲೀಟ್ ಸಾಹೇಬರು ಗಂಗರ ತಾಮ್ರಶಾಸನಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಳ್ಳಿಹಾಕಿದ್ದರು. ತಾಮ್ರವೇನೋ ತಾಮ್ರವೇ, ಹಳೆಯದೂ ಹೌದು. ಆದರೆ ಖ, ಬ ಮೊದಲಾದ ಅಕ್ಷರಗಳ ರೂಪ, ಶಾಸನವು ತನ್ನದೆಂದು ಹೇಳಿಕೊಳ್ಳುವ ಕಾಲಕ್ಕಿಂತ ಬಹಳ ಈಚಿನದೆಂಬುದು ಅವರ ವಾದ. ಮೈಸೂರಿನ ರೈಸ್ ಸಾಹೇಬರು ಅದನ್ನು ಒಪ್ಪಲಿಲ್ಲ. ಮುಂದೆ ಪೆನುಕೊಂಡದ ತಾಮ್ರಪಟವನ್ನು ಫ್ಲೀಟರೇ ನಿಜವಾದುದೆಂದು ಒಪ್ಪಿಕೊಂಡರು. ವಿದ್ವಾಂಸರಲ್ಲಿ ಅಪರೂಪದ ಗುಣವದು. ಒರೆಗಲ್ಲು ಲೋಹದ ಜಾತಿಯನ್ನು ಹೇಳೀತು. ಆ ಲೋಹ ವಸ್ತುವಿನ ಮೈಗೆ ಯಾವಾಗ ಏರಿತೆಂಬುದನ್ನು ಹೇಳದು.

ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರಖಾನೆಯಲ್ಲಿ ಓಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಪೇಟೆಗೆ ಬಂದದ್ದು ೧೯೨೫ರಲ್ಲಿ. ಸಿನೆಮಾ ಫಿಲ್ಮಿನ ಮೇಲೆ ೨೪ಕ್ಕೆ ೩೬ ಮಿಲಿಮೀಟರಿನ ಚಿತ್ರ ತೆಗೆಯುವ ಪುಟ್ಟ ಯಂತ್ರ. ಅದರ ಚಿನ್ನಲೇಪದ ‘ಲಕ್ಸಸ್’ ಮಾದರಿ ೧೯೨೯ರಿಂದ ೧೯೩೧ರ ವರೆಗೆ ತಯಾರಾದದ್ದು ಸುಮಾರು ೯೫ ಮಾತ್ರ. ಇಷ್ಟು ವಿರಳವಾದ ವಸ್ತುವಿಗೆ ನಕಲು ಹುಟ್ಟದೆ ಇದ್ದೀತೆ? ಸೋವಿಯತ್ ದೇಶದಲ್ಲಿ ೧೯೩೪ರಿಂದ ಫೆಡ್, ೧೯೪೮ರಿಂದ ಝೋರ್ಕಿ ಎಂಬ ಕ್ಯಾಮೆರಾಗಳು ಲೈಕಾದ ಎರಡನೆಯ ಮಾದರಿಯನ್ನು ಅನುಸರಿಸಿ ತಯಾರಾದವು. ಅವುಗಳ ಹೆಸರನ್ನು ಅಳಿಸಿ, ಲೈಕಾ ಎಂದು ಕೊರೆದು, ಚಿನ್ನ ಏರಿಸಿ ಮಾರಿದವರುಂಟು. ಇದಕ್ಕಿಂತ ತೊಡಕಿನದು ಇನ್ನೊಂದು ಬಗೆ: ಕ್ಯಾಮೆರಾ ನಿಜವಾದ ಲೈಕಾವೇ, ಹುಟ್ಟಿದ್ದು ಕಪ್ಪು ಬಣ್ಣದಲ್ಲಿ, ಚಿನ್ನ ಬಂದದ್ದು ಆಮೇಲೆ. ಅಂಥಲ್ಲಿ ಕೆತ್ತನೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಲೇಪಕ್ಕೆ ಮುನ್ನ ಲೋಹವನ್ನು ಉಜ್ಜಿದ್ದರೆ ಅಕ್ಷರದ ಅಂಚು ಮೊಂಡಾಗಿರುತ್ತದೆ. ಕ್ರಮಾಂಕವನ್ನು ಕಾರಖಾನೆಯ ರವಾನೆಯ ದಫ್ತರದೊಡನೆ ತಾಳೆ ನೋಡಬೇಕು.

ನಮ್ಮೆದುರಿನ ಕ್ಯಾಮೆರಾಕ್ಕೆ ದೂರವನ್ನು ಅಳೆಯುವ ಜೋಡಿ ಕಿಂಡಿಗಳಿದ್ದವು. ಲೈಕಾ ಮೈಯೊಳಗೆ ಆ ಸೌಕರ್ಯ ಸೇರಿದ್ದು ೧೯೩೨ರಲ್ಲಿ. ಅಷ್ಟರಿಂದಲೇ ತೀರ್ಪು ಕೊಡುವಂತಿಲ್ಲ. ಹಳೆಯ ಕ್ಯಾಮೆರಾಗಳನ್ನು ಕಾರಖಾನೆಯೇ ಹೊಸ ಮಾದರಿಗೆ ತಿದ್ದಿಕೊಡುತ್ತಿತ್ತು. ಮಸೂರವನ್ನು ತಿರುಗಿಸಿ ಬಿಚ್ಚಿದೆ. ಒಳಗೆ ದೂರಮಾಪಕದ ತೋಳಿನ ತುದಿಯಲ್ಲಿ, ಲೈಕಾ ಆದರೆ, ಉರುಳುವ ಪುಟ್ಟ ಗಾಲಿ ಇರಬೇಕು. ಇಲ್ಲಿದ್ದುದು ಬೆಣೆಯಂಥ ಒಂದು ತುಂಡು. ಫೆಡ್, ಝೋರ್ಕಿಗಳ ಗುರುತು ಅದು. ಮೇಲಿನ ಚಿನ್ನವನ್ನು ಏರಿಸಿದವನ ಕೈ ಅಲ್ಲಿಯ ವರೆಗೆ ಹೋಗಿರಲಿಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾದ್ರ ನಮ್ಮ ಅಜ್ಜ ಸುಳ್ಳು ಹೇಳಿದ್ರ ಏನ್ರಿ?” ಎಂದ. ದುಡ್ಡು ಹೋದದ್ದಕ್ಕಿಂತ ಈ ಮಾತೇ ಅವನಿಗೆ ಹೆಚ್ಚು ನೋವು ಕೊಟ್ಟಂತೆ ಕಂಡಿತು. ಅಜ್ಜ ತೆಗೆದ ಚಿತ್ರಗಳೇನಾದರೂ ಉಳಿದಿವೆಯೇ ಎಂದು ಕೇಳಿದೆ.

ಮುಂದಿನ ವಾರ ಒಂದು ಬಿಸ್ಕೀಟಿನ ಡಬ್ಬಿ ತಂದ. ತುಂಬ ನೆಗೆಟಿವುಗಳು. ಒಂದೂ ಸಿನೆಮಾ ಫಿಲ್ಮಿನದಲ್ಲ. ಎಲ್ಲವೂ ೬ಕ್ಕೆ ೯ ಸೆಂಟಿಮೀಟರಿನ ದೊಡ್ಡ ಚಿತ್ರಗಳು. ಲಕೋಟೆಯ ಮೇಲೆ ಅಜ್ಜನ ಕೈಬರಹದಲ್ಲಿ ೧೯೩೧ ಎಂದಿತ್ತು. ಅವರು ಆ ವರುಷ ಕ್ಯಾಮೆರಾ ಕೊಂಡದ್ದು ದಿಟ. ಆದರೆ ಅದು ಬೇರೆಯದು. ಚಿನ್ನದ್ದು ಯಾರ ಕಾಲಕ್ಕೆ ಮನೆ ಸೇರಿತೋ, ಅಜ್ಜನ ಕತೆ ಅದಕ್ಕೆ ಅಂಟಿಕೊಂಡಿತ್ತು.

ಒಂದು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಮುಂದೆ ಒಂದು ಚಕ್ಕಡಿ, ಅದರ ಮೇಲೆ ನಿಂತ ಹುಡುಗ. “ಇವರು ನಮ್ಮ ಅಪ್ಪಾರು” ಎಂದ ಅವನು.