ಸಾಂಬಾ: ಕದ್ದು ಕೇಳಿ ಕಲಿತ ಭಾಷೆ

ಕಂಪ್ಯೂಟರಿನ ಇತಿಹಾಸ ಅಂದ ಕೂಡಲೆ ಎಲ್ಲರೂ ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್ ಅಂತ ಶುರು ಮಾಡುತ್ತಾರೆ. ಗ್ಯಾರೇಜು, ಕಾಲೇಜು ಬಿಟ್ಟ ಹುಡುಗರು, ಕೋಟಿಗಟ್ಟಲೆ ಡಾಲರು... ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಇರುವುದು ಒಂದು ಸಣ್ಣ ಮನೆಜಗಳದ ಬಗ್ಗೆ. ಒಂದೇ ಕೋಣೆಯಲ್ಲಿ ಒಂದೇ ತಂತಿಗೆ ಜೋಡಿಸಿದ ಎರಡು ಕಂಪ್ಯೂಟರ್. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಯುನಿಕ್ಸೋ ಲಿನಕ್ಸೋ ಮ್ಯಾಕೋ. ಇದರ ಫೈಲು ಅದಕ್ಕೆ ಕಾಣುವುದಿಲ್ಲ, ಅದರ ಫೈಲು ಇದಕ್ಕೆ ಬೇಡ. ಈ ಜಗಳ ಬಿಡಿಸಿದವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಆದರೆ ನನ್ನ ವಯಸ್ಸಿನ ಬ್ಯಾಂಕಿನವರಿಗೆಲ್ಲ ಈ ಜಗಳದ ಬಿಸಿ ತಾಗಿದೆ. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು, ಆಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ತೊಂಬತ್ತರ ದಶಕದಲ್ಲಿ ಅನೇಕ ಶಾಖೆಗಳಲ್ಲಿ ಯುನಿಕ್ಸ್ ಸರ್ವರು, ಅದಕ್ಕೆ ಕಟ್ಟಿದ ಹಸಿರು ಅಕ್ಷರದ ಟರ್ಮಿನಲ್ಲುಗಳು. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಮಾತ್ರ ಒಂದು ವಿಂಡೋಸ್ ಪಿಸಿ, ಹೆಡ್ಡಾಫೀಸಿಗೆ ಸ್ಟೇಟ್‌ಮೆಂಟ್ ಕಳಿಸಲು. ಸರ್ವರಿನಲ್ಲಿದ್ದ ಬ್ಯಾಲೆನ್ಸ್ ಪಟ್ಟಿ ಆ ಪಿಸಿಗೆ ಹೋಗಬೇಕಾದರೆ ಫ್ಲಾಪಿಯಲ್ಲಿ ಹೊತ್ತುಕೊಂಡು ಹೋಗಬೇಕು. ನಡುವಿನ ದೂರ ಹದಿನೈದು ಅಡಿ! ತೆಗೆದು ನೋಟ್‌ಪ್ಯಾಡಿನಲ್ಲಿ ನೋಡಿದರೆ ಇಡೀ ಪಟ್ಟಿ ಒಂದೇ ಉದ್ದ ಸಾಲಾಗಿ ಓಡುತ್ತಿತ್ತು. ಸಾಲು ಮುಗಿಯಿತು ಎನ್ನಲು ಯುನಿಕ್ಸ್ ಒಂದು ಗುರುತು ಹಾಕುತ್ತದೆ, ವಿಂಡೋಸಿಗೆ ಎರಡು ಬೇಕು. ಅಷ್ಟೇ ವಿಷಯ. ನೋಟ್‌ಪ್ಯಾಡ್ ಆ ಒಂಟಿ ಗುರುತನ್ನು ಒಪ್ಪಿಕೊಂಡಿದ್ದು 2018ರಲ್ಲಿ.

ಇರಲಿ, ಮೂಲಕ್ಕೆ ಹೋಗೋಣ. ಎಂಬತ್ತರ ದಶಕದಲ್ಲಿ ಕಂಪ್ಯೂಟರುಗಳನ್ನು ಜಾಲಕ್ಕೆ ಕಟ್ಟುವುದು ಶುರುವಾದಾಗ ಪ್ರತಿ ಕಂಪನಿಯೂ ತನ್ನದೇ ಭಾಷೆ ಮಾಡಿಕೊಂಡಿತು. ಯುನಿಕ್ಸ್ ಕಡೆಗೆ ಸನ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ಕೊಟ್ಟಿತು. ಆಪಲ್‌ನವರದು ಬೇರೆ, ನಾವೆಲ್‌ನವರದು ಇನ್ನೊಂದು. ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ಎಂಬವರು ಪಿಸಿಗಳಿಗಾಗಿ ಮಾಡಿದ ಭಾಷೆಗೆ ಮೊದಲು ತಮ್ಮ ಹೆಸರಿನ ಮೂರು ಮೊದಲಕ್ಷರ ಇಟ್ಟಿದ್ದರಂತೆ, ಬಿಎಎಫ್ ಅಂತ. ಹೊರಗೆ ಬರುವಷ್ಟರಲ್ಲಿ ಅದು ಎಸ್‌ಎಂಬಿ ಆಯಿತು: ಸರ್ವರ್ ಮೆಸೇಜ್ ಬ್ಲಾಕ್. ಮೈಕ್ರೋಸಾಫ್ಟ್ ಅದನ್ನು ಎತ್ತಿಕೊಂಡು ಬೆಳೆಸಿತು. ವಿಂಡೋಸ್ ಮನೆಮನೆಗೆ ಹೊಕ್ಕಿತು, ಜೊತೆಗೆ ಎಸ್‌ಎಂಬಿಯೂ ಹೊಕ್ಕಿತು. ಆದರೆ ಪೂರ್ತಿ ವ್ಯಾಕರಣ ಪುಸ್ತಕ ಮಾತ್ರ ಹೊರಗಿನವರಿಗೆ ಸಿಗಲಿಲ್ಲ.

ಈಗ ಕಥಾನಾಯಕ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ, 1991ರ ಕೊನೆ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್. ಅವನಿಗೆ ತನ್ನ ಪಿಸಿಯಿಂದ ಸನ್ ಯಂತ್ರದ ಫೈಲುಗಳು ಬೇಕಿತ್ತು. ಪಿಸಿಯಲ್ಲಿದ್ದದ್ದು ಡಿಜಿಟಲ್ ಕಂಪನಿಯ ಪಾಥ್‌ವರ್ಕ್ಸ್. ಅದು ಡಿಜಿಟಲ್‌ನ ಸರ್ವರಿನ ಜೊತೆ ಮಾತ್ರ ಮಾತಾಡುತ್ತಿತ್ತು. ಇವನು ಏನು ಮಾಡಿದ? ತಂತಿಯಲ್ಲಿ ಹರಿಯುವ ಮಾತನ್ನೆಲ್ಲ ಹಿಡಿದಿಡುವ ಸಣ್ಣ ಪ್ರೋಗ್ರಾಂ ಬರೆದ. ಪಿಸಿ ಹೀಗೆ ಕೇಳಿದಾಗ ಸರ್ವರು ಹೀಗೆ ಹೇಳುತ್ತದೆ ಎಂದು ನೋಡಿ ನೋಡಿ, ಅದೇ ಉತ್ತರ ಕೊಡುವ ಹಾಗೆ ಸನ್ ಯಂತ್ರಕ್ಕೆ ಕಲಿಸಿದ. 1992ರ ಜನವರಿಯಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟ. ಸ್ವಾರಸ್ಯ ಏನೆಂದರೆ, ತಾನು ಕಲಿತದ್ದು ಎಸ್‌ಎಂಬಿ ಎಂಬ ಭಾಷೆ ಅಂತ ಆಗ ಅವನಿಗೇ ಗೊತ್ತಿರಲಿಲ್ಲ! ಸುಮಾರು ಎರಡು ವರ್ಷದ ಮೇಲೆ ಹೆಂಡತಿಯ ವಿಂಡೋಸ್ ಪಿಸಿಯನ್ನು ತನ್ನ ಲಿನಕ್ಸ್ ಯಂತ್ರಕ್ಕೆ ಕಟ್ಟಲು ಹೊರಟಾಗ ಆ ಹಳೆಯ ಪ್ರೋಗ್ರಾಮೇ ಕೆಲಸಕ್ಕೆ ಬಂತು. ಅಲ್ಲಿಂದ ಮತ್ತೆ ಹುರುಪಿನಿಂದ ಕೂತ.

ತನ್ನ ವಿಧಾನಕ್ಕೆ ಟ್ರಿಜೆಲ್ ಕೊಡುವ ಹೋಲಿಕೆ ನನಗೆ ಬಹಳ ಹಿಡಿಸಿತು. ಫ್ರೆಂಚ್ ಕಲಿಯಬೇಕು, ಪುಸ್ತಕ ಇಲ್ಲ, ಮೇಷ್ಟ್ರಿಲ್ಲ. ಹಾಗಾದರೆ ಫ್ರೆಂಚ್ ಕೆಫೆಯಲ್ಲಿ ಹೋಗಿ ಕೂರು. ಗಿರಾಕಿ ಏನು ಹೇಳಿದ, ಮೇಜಿಗೆ ಏನು ಬಂತು, ಗಮನಿಸು. ಮುಂಬಯಿಗೆ ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕೆ? ಊರಿನಿಂದ ಬಂದ ಹೊಸತರಲ್ಲಿ ನಮ್ಮಲ್ಲಿ ಯಾರು ತರಗತಿಗೆ ಹೋಗಿ ಮರಾಠಿ ಕಲಿತರು? ಲೋಕಲ್ ಟ್ರೈನಿನಲ್ಲಿ, ಭಾಜಿವಾಲಿಯ ಎದುರು, ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದ ಪಕ್ಕ ನಿಂತು ಕಿವಿಯಿಂದಲೇ ಕಲಿತದ್ದು. 'ಪುಢೆ ಚಲಾ' ಅಂದ ಕೂಡಲೆ ಎಲ್ಲರೂ ಮುಂದೆ ಸರಿದರು, ಹಾಗಾದರೆ ಅದರ ಅರ್ಥ ಇದು. ಟ್ರಿಜೆಲ್ ತಂತಿಗೆ ಕಿವಿ ಇಟ್ಟ, ಅಷ್ಟೇ ವ್ಯತ್ಯಾಸ.

ಬರೀ ಕೇಳಿದರೆ ಸಾಲದು, ಯಾಕೆಂದರೆ ಕೆಫೆಯಲ್ಲಿ ಎಲ್ಲರೂ ದಿನಾ ಅದೇ ಕಾಫಿ ಕೇಳುತ್ತಾರೆ. ಅಪರೂಪದ ಮಾತು ಕಿವಿಗೆ ಬೀಳುವುದೇ ಇಲ್ಲ. ಅದಕ್ಕೆ ಅವರು ಇನ್ನೊಂದು ಉಪಾಯ ಮಾಡಿದರು. ಸಾಧ್ಯವಿರುವ ಆಜ್ಞೆಗಳನ್ನೆಲ್ಲ ಒಂದೊಂದಾಗಿ ಸರ್ವರಿಗೆ ಕಳಿಸುವುದು. 'ಅಂಥ ಆಜ್ಞೆಯೇ ಇಲ್ಲ' ಎಂದು ಬಂದರೆ ಬಿಡುವುದು. 'ಕೇಳಿದ ರೀತಿ ಸರಿಯಿಲ್ಲ' ಎಂದು ಬಂದರೆ, ಆಹಾ, ಇಲ್ಲೇನೋ ಇದೆ! ಬೈಗುಳದಿಂದ ಭಾಷೆ ಕಲಿಯುವುದು ಅಂದರೆ ಇದು.

ಹೆಸರಿನ ಕಥೆ ಗಮ್ಮತ್ತಿನದು. ಮೊದಲು ಇದಕ್ಕೆ ಎಸ್‌ಎಂಬಿ ಸರ್ವರ್ ಅಂತಲೇ ಹೆಸರಿತ್ತು. ಆ ಹೆಸರು ನಮ್ಮದು ಎಂದು ಒಂದು ಕಂಪನಿ ತಕರಾರು ತೆಗೆಯಿತು. ಟ್ರಿಜೆಲ್ ಯುನಿಕ್ಸಿನಲ್ಲಿದ್ದ ಪದಪಟ್ಟಿಯಲ್ಲಿ ಎಸ್, ಎಂ, ಬಿ ಈ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿಸಿದ. ಸಿಕ್ಕಿದ್ದು ಸಾಲ್ಮನ್‌ಬೆರಿ, ಸ್ಕ್ರ್ಯಾಂಬಲ್ ಇತ್ಯಾದಿ, ನಡುವೆ ಒಂದು ಸಾಂಬಾ. ಬ್ರೆಜಿಲಿನ ನೃತ್ಯ! ನಮ್ಮ ಸಾಂಬಾರಿಗೂ ಇದಕ್ಕೂ ಸಂಬಂಧ ಇಲ್ಲ, ನಮ್ಮವರು ಕೇಳುತ್ತಾರೆ ಅಂತ ಮೊದಲೇ ಹೇಳಿಬಿಟ್ಟೆ. ಅಂದ ಹಾಗೆ, ತಂತ್ರಾಂಶ ಇಷ್ಟವಾದರೆ ದುಡ್ಡು ಬೇಡ, ಪಿಜ್ಜಾ ಕಳಿಸಿ ಎಂದು ಬರೆದಿಡುತ್ತಿದ್ದ ಮನುಷ್ಯ ಅವನು.

ಭಾಷೆ ಕಲಿತ ಮಾತ್ರಕ್ಕೆ ಸಂಸಾರ ಸರಿಹೋಗಲಿಲ್ಲ. ಆಚೆಯವರು ದಿನಕ್ಕೊಂದು ಹೊಸ ಮಾತು ಸೇರಿಸುತ್ತಿದ್ದರು. 1997ರಲ್ಲಿ ವಿಂಡೋಸ್ ಎನ್‌ಟಿಗೆ ಮೂರನೇ ಸರ್ವಿಸ್ ಪ್ಯಾಕ್ ಬಂತು. ಅಲ್ಲಿಂದ ಅದು ಗುಪ್ತಪದವನ್ನು ತಂತಿಯಲ್ಲಿ ಬಿಚ್ಚಿ ಕಳಿಸಲು ಒಪ್ಪಲಿಲ್ಲ. ಮರುವರ್ಷ ವಿಂಡೋಸ್ 98 ಕೂಡ ಹಾಗೇ. ತಪ್ಪೇನೂ ಅಲ್ಲ, ಕ್ಷೇಮದ ಕೆಲಸವೇ. ಆದರೆ ನಿನ್ನೆಯವರೆಗೆ ಸರಿಯಿದ್ದ ಸಾಂಬಾ ಸರ್ವರು ಬೆಳಗಾಗುವಷ್ಟರಲ್ಲಿ ಸರಿಯಾದ ಗುಪ್ತಪದವನ್ನೇ ತಪ್ಪು ಅನ್ನತೊಡಗಿತು. ಯುನಿಕ್ಸ್ ಗುಪ್ತಪದವನ್ನು ತನ್ನದೇ ರೀತಿಯಲ್ಲಿ ಅರೆದು ಇಟ್ಟುಕೊಂಡಿರುತ್ತದೆ. ವಿಂಡೋಸ್ ಅರೆಯುವ ರೀತಿ ಬೇರೆ. ಚಟ್ನಿಯಿಂದ ತೆಂಗಿನಕಾಯಿ ವಾಪಸ್ ಬರುವುದಿಲ್ಲ ತಾನೆ? ಹಾಗಾಗಿ ಸಾಂಬಾಕ್ಕೆ ಬೇರೆಯೇ ಒಂದು ಗುಪ್ತಪದದ ಕಡತ ಇಡಬೇಕಾಯಿತು. 'ಒಬ್ಬ ಬಳಕೆದಾರನಿಗೆ ಎರಡು ಕಡೆ ಯಾಕೆ ಗುಪ್ತಪದ ಕೊಡಬೇಕು' ಅಂತ ಈಗಲೂ ಜನ ಕೇಳುತ್ತಾರೆ. ಉತ್ತರ ಇದೇ.

ಇನ್ನು ನೆಟ್‌ವರ್ಕ್ ನೈಬರ್‌ಹುಡ್ ಎಂಬ ಮಾಯಾಪೆಟ್ಟಿಗೆ. ಅಕ್ಕಪಕ್ಕದ ಕಂಪ್ಯೂಟರುಗಳ ಪಟ್ಟಿ ಅದು. ಈ ಪಟ್ಟಿ ಯಾರ ಹತ್ತಿರ ಇರಬೇಕು ಎಂದು ಕಂಪ್ಯೂಟರುಗಳ ನಡುವೆ ಚುನಾವಣೆ ನಡೆಯುತ್ತಿತ್ತು. ಸುಳ್ಳಲ್ಲ, ಅದರ ಹೆಸರೇ ಚುನಾವಣೆ! ಪ್ರತಿಯೊಂದಕ್ಕೂ ಒಂದು ಅಂಕ: ವಿಂಡೋಸ್ 95ಕ್ಕೆ 1, ಎನ್‌ಟಿ ವರ್ಕ್‌ಸ್ಟೇಷನ್ನಿಗೆ 16, ಎನ್‌ಟಿ ಸರ್ವರಿಗೆ 32. ಸಾಂಬಾದಲ್ಲಿ ಮಾತ್ರ ಈ ಅಂಕವನ್ನು ನಾವೇ ಬರೆಯಬಹುದು. 65 ಎಂದು ಬರೆದರೆ ಪುಕ್ಕಟೆ ಲಿನಕ್ಸ್ ಪೆಟ್ಟಿಗೆ ದುಬಾರಿ ಸರ್ವರನ್ನು ಸೋಲಿಸಿ ಯಜಮಾನ ಆಗುತ್ತಿತ್ತು. ನಮ್ಮ ಯೂನಿಯನ್ ಚುನಾವಣೆಯಲ್ಲಿ ಇಂಥ ಸೌಲಭ್ಯ ಇರಲಿಲ್ಲ. ಒಂದು ಯಂತ್ರ ದಿಢೀರನೆ ಆರಿಹೋದರೆ ಅದರ ಹೆಸರು ಪಟ್ಟಿಯಿಂದ ಅಳಿಯಲು 51 ನಿಮಿಷದವರೆಗೂ ಹಿಡಿಯಬಹುದಿತ್ತು. ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ!

ಆದ್ದರಿಂದಲೇ ಬಲ್ಲವರು ಈ ಪಟ್ಟಿಯನ್ನು ನಂಬುತ್ತಿರಲಿಲ್ಲ. ಸಾಂಬಾದೊಡನೆ ಬರುತ್ತಿದ್ದ ರೋಗಪರೀಕ್ಷೆಯ ಟಿಪ್ಪಣಿ ಒಳ್ಳೆಯ ಆಡಿಟರನ ಹಾಗೆ ಕೆಳಗಿನಿಂದ ಮೇಲೆ ಹೋಗುತ್ತದೆ. ಮೊದಲು ಸಂರಚನೆಯ ಕಡತದಲ್ಲಿ ದೋಷ ಇದೆಯೇ ನೋಡು. ಆಮೇಲೆ ಎರಡೂ ಯಂತ್ರ ಪಿಂಗ್‌ಗೆ ಓಗೊಡುತ್ತವೆಯೇ, ಸರ್ವರು ತನ್ನ ಫೋಲ್ಡರ್ ಪಟ್ಟಿ ಹೇಳುತ್ತದೆಯೇ, ಹೆಸರು ವಿಳಾಸಕ್ಕೆ ತಿರುಗುತ್ತದೆಯೇ. ಅಕ್ಕಪಕ್ಕದ ಪಟ್ಟಿಯ ಸರದಿ ಎಲ್ಲಕ್ಕಿಂತ ಕೊನೆಗೆ. ಇವತ್ತಿಗೂ ಕ್ರಮ ಇದೇ. ಪಟ್ಟಿಯಲ್ಲಿ ಕಾಣದಿದ್ದರೆ ಎದೆಗೆಡದೆ, ಎರಡು ಓರೆಗೆರೆ ಹಾಕಿ ಸರ್ವರಿನ ಅಂಕಿ ವಿಳಾಸವನ್ನೇ ನೇರ ಕೊಟ್ಟು ನೋಡಿ. ತೆರೆದುಕೊಂಡರೆ ದೋಷ ಹೆಸರಿನದು, ಹಂಚಿಕೆಯದಲ್ಲ.

ಈಗ ಕೋರ್ಟಿನ ಭಾಗ. ಬ್ಯಾಂಕಿನವನಿಗೆ ಇಲ್ಲಿ ಅಂಕಿಗಳು ರುಚಿಸುತ್ತವೆ. ತಮ್ಮ ಸರ್ವರುಗಳು ವಿಂಡೋಸಿನ ಜೊತೆ ಸರಿಯಾಗಿ ಬೆರೆಯಲು ಬೇಕಾದ ಮಾಹಿತಿ ಕೊಡಿ ಎಂದು ಸನ್ ಕಂಪನಿ 1998ರಲ್ಲಿ ಮೈಕ್ರೋಸಾಫ್ಟನ್ನು ಕೇಳಿತು, ಸಿಗಲಿಲ್ಲ, ಆ ಡಿಸೆಂಬರಿನಲ್ಲಿ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತು. 2004ರ ಮಾರ್ಚಿನಲ್ಲಿ ತೀರ್ಪು: 49.7 ಕೋಟಿ ಯೂರೋ ದಂಡ, ಮತ್ತು ವ್ಯಾಕರಣ ಪುಸ್ತಕವನ್ನು ಹೊರಗಿಡಬೇಕು. ಮೈಕ್ರೋಸಾಫ್ಟ್ ಮೇಲ್ಮನವಿಗೆ ಹೋಯಿತು. ಅಷ್ಟರಲ್ಲಿ ದೂರು ಕೊಟ್ಟ ಸನ್ ಸುಮಾರು 200 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡು ಹಿಂದೆ ಸರಿಯಿತು. ನಾವೆಲ್ 53.6 ಕೋಟಿಗೆ ಸರಿಯಿತು. ಕೊನೆಗೂ ಬಿಡದೆ ನಿಂತವರಲ್ಲಿ ಯುರೋಪಿನ ಮುಕ್ತ ತಂತ್ರಾಂಶ ಪ್ರತಿಷ್ಠಾನ ಮತ್ತು ಪಿಜ್ಜಾದ ಈ ಸಾಂಬಾ ತಂಡ! ಲಕ್ಸೆಂಬರ್ಗಿನ ನ್ಯಾಯಾಲಯದಲ್ಲಿ ಹೋಗಿ ಮಾತಾಡಿದರು. 2007ರ ಸೆಪ್ಟೆಂಬರ್ 17ರಂದು ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ತಂಡದ ಪರವಾಗಿ ಒಂದು ಪ್ರತಿಷ್ಠಾನ 10,000 ಯೂರೋ ಕಟ್ಟಿ ಪುಸ್ತಕ ಪಡೆಯಿತು. ಹದಿನಾರು ವರ್ಷ ಕೆಫೆಯಲ್ಲಿ ಕೂತು ಕಲಿತವರಿಗೆ ಕೊನೆಗೂ ವ್ಯಾಕರಣ ಸಿಕ್ಕಿತು. ಮರುವರ್ಷ ಮೈಕ್ರೋಸಾಫ್ಟ್ ಅಂಥ ಸಾವಿರಾರು ಪುಟಗಳನ್ನು ಎಲ್ಲರಿಗೂ ಬಿಚ್ಚಿಟ್ಟಿತು. 2011ರಲ್ಲಿ ತಾನೇ ಸಾಂಬಾಕ್ಕೆ ಕೋಡ್ ಬರೆದು ಕೊಟ್ಟಿತು ಅಂದರೆ ನಂಬುತ್ತೀರಾ?

ಆಪಲ್ ಕಥೆ ಚುಟುಕಾಗಿ: 2002ರಿಂದ ಮ್ಯಾಕ್ ವಿಂಡೋಸಿಗೆ ಫೈಲು ಹಂಚುತ್ತಿದ್ದದ್ದು ಸಾಂಬಾದಿಂದಲೇ. ಸಾಂಬಾ ಹೊಸ ಪರವಾನಗಿಗೆ ಹೋದ ಮೇಲೆ, 2011ರಲ್ಲಿ ಆಪಲ್ ಅದನ್ನು ತೆಗೆದು ತನ್ನದೇ ಬರೆದುಕೊಂಡಿತು. 2013ರ ಹೊತ್ತಿಗೆ ತನ್ನ ಹಳೆಯ ಮನೆಭಾಷೆಯನ್ನೇ ಬದಿಗಿಟ್ಟು ಎಸ್‌ಎಂಬಿಯ ಎರಡನೇ ಆವೃತ್ತಿಯನ್ನು ಮೊದಲ ಆಯ್ಕೆ ಮಾಡಿಕೊಂಡಿತು.

ಮುದಿ ಭಾಷೆಗೆ ರೋಗವೂ ಬಂತು. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆಕೋರ ತಂತ್ರಾಂಶ ನೂರೈವತ್ತಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ಬ್ರಿಟನ್ನಿನ ಆಸ್ಪತ್ರೆಗಳೂ ನಿಂತವು. ಅದು ಒಳಗೆ ನುಗ್ಗಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ಬಾಗಿಲಿನಿಂದ. ತೇಪೆ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಂಡಿರದ ಯಂತ್ರಗಳು ಎಷ್ಟೋ. ಆ ವರ್ಷದ ಕೊನೆಯ ವಿಂಡೋಸ್ 10ರಲ್ಲಿ ಮೊದಲ ಆವೃತ್ತಿ ತಾನಾಗಿ ಬರುವುದು ನಿಂತಿತು. 2019ರಲ್ಲಿ ಸಾಂಬಾ ಕೂಡ ಅದನ್ನು ಮುಚ್ಚಿಟ್ಟಿತು. ಹಳೆಯ ಸ್ಕ್ಯಾನರು, ಮನೆಯ ಹಳೆಯ ಡಿಸ್ಕ್ ಡಬ್ಬಿ ಇದ್ದಕ್ಕಿದ್ದಂತೆ ಕಾಣದಾದ ಅನುಭವ ನಿಮಗೂ ಆಗಿದ್ದರೆ ಕಾರಣ ಬಹುಶಃ ಇದೇ. ಡಬ್ಬಿಯಲ್ಲಿ ಎರಡನೆಯದೋ ಮೂರನೆಯದೋ ಆವೃತ್ತಿ ಆರಿಸಿ. ಹಳೆಯದನ್ನು ಮತ್ತೆ ತೆರೆಯುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. 2024ರ ವಿಂಡೋಸ್ 11 ಇನ್ನೂ ಮಡಿ, ಅದರ ಹಲವು ಆವೃತ್ತಿಗಳು ಗುಪ್ತಪದವಿಲ್ಲದ ಅತಿಥಿಯನ್ನು ಒಪ್ಪುವುದಿಲ್ಲ. ಡಬ್ಬಿಯಲ್ಲಿ ನಿಮ್ಮ ಹೆಸರಿಗೊಂದು ಖಾತೆ ತೆರೆದರೆ ಮುಗಿಯಿತು. ಕೆವೈಸಿ ಇಲ್ಲದೆ ಖಾತೆ ನಡೆಯುವ ಕಾಲ ಹೋಯಿತಲ್ಲ, ಹಾಗೆ.

ಕೊನೆಗೆ ಕನ್ನಡದ್ದೊಂದು ಮಾತು. 2003ರ ಸಾಂಬಾ 3.0 ತನಕ ತಂತಿಯ ಮೇಲೆ ಯುನಿಕೋಡ್ ಇರಲಿಲ್ಲ, ಕನ್ನಡದ ಫೈಲ್ ಹೆಸರು ದಾಟುವ ಹಾಗಿರಲಿಲ್ಲ. ಈಗ ದಾಟುತ್ತದೆ, ಆದರೆ ಒಂದು ಕೊಸರು ಉಂಟು. ನಮ್ಮ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೆಯ ಕಡತವ್ಯವಸ್ಥೆ ಒಡೆದು ಇಡುತ್ತಿತ್ತು, ವಿಂಡೋಸಿನಲ್ಲಿ ಸಾಮಾನ್ಯವಾಗಿ ಇಡಿಯಾಗಿ ಇರುತ್ತದೆ, ಲಿನಕ್ಸಿಗೆ ಅವೆರಡು ಬೇರೆ ಬೇರೆ ಹೆಸರು. ಮಗಳ ಹಳೆಯ ಮ್ಯಾಕಿನಿಂದ ಪೆನ್‌ಡ್ರೈವಿನಲ್ಲಿ ತಂದು ನಕಲಿಸಿದ್ದು, ನನ್ನ ವಿಂಡೋಸಿನಿಂದ ನಕಲಿಸಿದ್ದು ಸೇರಿ ನಮ್ಮ ಮನೆಯ ಲಿನಕ್ಸ್ ಡಬ್ಬಿಯಲ್ಲಿ 'ಫೋಟೋ' ಎಂಬ ಹೆಸರಿನ ಎರಡು ಫೋಲ್ಡರು ಅಕ್ಕಪಕ್ಕ ಕೂತಿದ್ದವು, ಒಂದಕ್ಷರ ವ್ಯತ್ಯಾಸ ಕಾಣದೆ. ಎರಡನ್ನೂ ಸೇರಿಸಿ 'ಚಿತ್ರಗಳು' ಅಂತ ಹೆಸರಿಟ್ಟೆ. ಅದರಲ್ಲಿ ಒಡೆಯುವ ಅಕ್ಷರ ಒಂದೂ ಇಲ್ಲ.