ಜಾನ್ ಡನ್‌ನ 1622ರ ಉಪದೇಶ: ಯಾವ ಪಾಠವನ್ನು ಓದಬೇಕು?

ಜಾನ್ ಡನ್ (1572–1631) ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ಕವಿ. ಲಂಡನ್ನಿನ ಜನಕ್ಕೆ ಅವನು 1621ರಿಂದ ಸಾಯುವವರೆಗೂ ಸೇಂಟ್ ಪಾಲ್ ಕೆಥೆಡ್ರಲ್‌ನ ಡೀನ್, ಹೆಸರಾಂತ ಉಪದೇಶಕ. ಅವನ ಸುಮಾರು 160 ಉಪದೇಶಗಳು ಉಳಿದಿವೆ. ಹೆಚ್ಚಿನವನ್ನು ಅಚ್ಚು ಹಾಕಿಸಿದವನು ಮಗ, ಅದೂ ತಂದೆ ತೀರಿಕೊಂಡ ಮೇಲೆ. ಟಿಪ್ಪಣಿ ಇಟ್ಟುಕೊಂಡು ಮಾತಾಡಿ ಆಮೇಲೆ ವಿಸ್ತರಿಸಿ ಬರೆಯುವುದು ಡನ್‌ನ ರೂಢಿ. 1625ರ ಪ್ಲೇಗಿನ ಕಾಲದಲ್ಲಿ ಚೆಲ್ಸಿಯಲ್ಲಿ ಉಳಿದು ಎಷ್ಟೋ ಹಳೆಯ ಉಪದೇಶಗಳನ್ನು ಬರೆದಿಟ್ಟ. ಹೀಗಾಗಿ ಅಚ್ಚಿನ ಪುಟವನ್ನೇ ಆಡಿದ ಮಾತೆಂದು ನಂಬುವಂತಿಲ್ಲ.

1622ರ ನವೆಂಬರ್ 5ರ ಉಪದೇಶವನ್ನೇ ನೋಡಿ. 1605ರಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಸ್ಫೋಟಿಸಲು ಕೆಲವು ಕ್ಯಾಥೊಲಿಕರು ಹೂಡಿದ್ದ ಸಂಚು ಬಯಲಾದ ವಾರ್ಷಿಕ ದಿನವದು. ಕೆಥೆಡ್ರಲ್ ಅಂಗಳದ ಪಾಲ್ಸ್ ಕ್ರಾಸ್ ಎಂಬ ಬಯಲು ವೇದಿಕೆಯಲ್ಲಿ ನಡೆಯಬೇಕಿದ್ದ ಉಪದೇಶ ಹವಾಮಾನ ಕೆಟ್ಟದ್ದರಿಂದ ಚರ್ಚಿನೊಳಗೆ ನಡೆಯಿತು. ಆಗ ರಾಜ ಜೇಮ್ಸ್ ತನ್ನ ಮಗನಿಗೆ ಕ್ಯಾಥೊಲಿಕ್ ದೇಶವಾದ ಸ್ಪೇನಿನ ರಾಜಕುಮಾರಿಯನ್ನು ತರುವ ಮಾತುಕತೆಯಲ್ಲಿದ್ದ. ರಾಜ್ಯದ ವಿಷಯಕ್ಕೆ ಕೈಹಾಕಬಾರದೆಂದು ಉಪದೇಶಕರಿಗೆ ಅದೇ ಆಗಸ್ಟಿನಲ್ಲಿ ಕಟ್ಟಪ್ಪಣೆ ಹೊರಟಿತ್ತು. ಡನ್ ಆರಿಸಿಕೊಂಡದ್ದು ಬೈಬಲ್ಲಿನ ಪ್ರಲಾಪಗಳು 4:20. ಅಲ್ಲಿ ಶತ್ರುಗಳ ಕೈಗೆ ಸಿಕ್ಕ ಅರಸ ಒಳ್ಳೆಯ ಯೋಷೀಯನೋ ಕೆಟ್ಟ ಚಿದ್ಕೀಯನೋ ಎಂಬ ಚರ್ಚೆ ಹಳೆಯದು. ಯಾರೇ ಆಗಿರಲಿ, ಅರಸ ದೇವರ ಅಭಿಷಿಕ್ತನೇ ಎಂಬುದು ಡನ್‌ನ ವಾದ. ರಾಜನಿಗೆ ಇದು ಬೆಂಬಲ, ನಿಜ. ಆದರೆ ಕೆಟ್ಟ ಅರಸನ ಸಾಧ್ಯತೆಯನ್ನು ಸಭೆಯ ಮುಂದೆ ಎತ್ತಿದ್ದು ಸಣ್ಣ ಧೈರ್ಯವಲ್ಲ. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ, ಪಾದ್ರಿಗೆ ಆಶ್ರಯ ಕೊಟ್ಟ ತಮ್ಮ ಹೆನ್ರಿಯನ್ನು 1593ರಲ್ಲಿ ಸೆರೆಮನೆಯಲ್ಲಿ ಕಳೆದುಕೊಂಡ ಮನುಷ್ಯನ ಮಾತು ಇದೆಂಬುದನ್ನು ಓದುವಾಗ ಮರೆಯಬಾರದು.

ಇದು ಅಚ್ಚಾದದ್ದು 27 ವರ್ಷಗಳ ನಂತರ, 1649ರಲ್ಲಿ. ಜೇಮ್ಸ್‌ನ ನಂತರ ರಾಜನಾದ ಅದೇ ಮಗನ ತಲೆ ಉರುಳಿದ ವರ್ಷವೂ ಅದೇ. 1990ರ ದಶಕದಲ್ಲಿ ವಿದ್ವಾಂಸೆ ಜೀನ್ ಶಾಮಿ ಬ್ರಿಟಿಷ್ ಲೈಬ್ರರಿಯ ರಾಜಸಂಗ್ರಹದಲ್ಲಿ ಇದರ ಹಸ್ತಪ್ರತಿಯನ್ನು ಗುರುತಿಸಿದರು: ಲಿಪಿಕಾರನ ಬರಹ, ನಡುನಡುವೆ ಡನ್‌ನದೇ ಕೈಯ ತಿದ್ದುಪಡಿ. ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟು ಅವರು 1996ರಲ್ಲಿ ಪ್ರಕಟಿಸಿದರು. ಎರಡೂ ಒಂದೇ ಅಲ್ಲ.

ಹಸ್ತಪ್ರತಿಯೂ ಆ ದಿನದ ಮಾತಿನ ಯಥಾವತ್ ದಾಖಲೆಯಲ್ಲ. ರಾಜ ಜೇಮ್ಸ್ ಕೇಳಿದ್ದಕ್ಕೆ ಬರೆದುಕೊಟ್ಟ ಪ್ರತಿ ಅದು. ರಾಜನ ಕಣ್ಣನ್ನು ನೆನೆದೇ ತಿದ್ದಿರಬೇಕು. ಆದರೂ ಘಟನೆಗೆ ತೀರಾ ಹತ್ತಿರದ ಸಾಕ್ಷಿ ಅದೇ. 1622ರ ರಾಜಕೀಯದ ಬಗ್ಗೆ ಬರೆಯುವವರು ಈ ಉಪದೇಶವನ್ನು ಉಲ್ಲೇಖಿಸುವಾಗ ಹಸ್ತಪ್ರತಿಯನ್ನೇ ಆಧಾರವಾಗಿ ಹಿಡಿಯಬೇಕು, 1649ರ ಪಾಠವನ್ನು ಹೋಲಿಕೆಗೆ ಮಾತ್ರ ಬಳಸಬೇಕು.