ಅನುಶ್ರುತ ಸಾಕ್ಷ್ಯ

ಸಾಕ್ಷಿಯು ತಾನು ಸ್ವತಃ ಕಂಡ ಅಥವಾ ಕೇಳಿದ ಸಂಗತಿಯನ್ನು ಹೇಳದೆ, ನ್ಯಾಯಾಲಯಕ್ಕೆ ಬಾರದ ಬೇರೊಬ್ಬರ ಹೇಳಿಕೆಯನ್ನು ಅದು ನಿಜವೆಂದು ಸ್ಥಾಪಿಸಲು ಉದ್ಧರಿಸಿದರೆ ಅದನ್ನು ಅನುಶ್ರುತ ಸಾಕ್ಷ್ಯ ಅಥವಾ ಕೇಳಿಕೆಯ ಸಾಕ್ಷ್ಯ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಅಂಗೀಕಾರಾರ್ಹವಲ್ಲ. ಮೂಲ ವ್ಯಕ್ತಿಯು ಪ್ರಮಾಣವಚನ ಸ್ವೀಕರಿಸಿರುವುದಿಲ್ಲ; ಆತನನ್ನು ಪಾಟೀಸವಾಲಿಗೆ ಒಳಪಡಿಸಲೂ ಆಗುವುದಿಲ್ಲ.

ಉದಾಹರಣೆಗೆ, ಕುರುಗೋಡಿನಲ್ಲಿ ನಡೆದ ಹಲ್ಲೆಯನ್ನು ಕಣ್ಣಾರೆ ಕಂಡವನು ಬಳ್ಳಾರಿಯ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯಬಹುದು. ಅವನಿಂದ ಸುದ್ದಿ ಕೇಳಿದ ಸಿರುಗುಪ್ಪದ ಬಂಧುವು ಅದೇ ಹಲ್ಲೆಯನ್ನು ರುಜುವಾತುಪಡಿಸಲಾರನು. ಆದರೆ ಮಾತು ಆಡಲ್ಪಟ್ಟಿತೆಂಬುದೇ ವಿವಾದದ ವಿಷಯವಾಗಿದ್ದರೆ, ಅದನ್ನು ಕೇಳಿದವನೇ ನೇರ ಸಾಕ್ಷಿ.

ಕಾನೂನಿನ ಆಧಾರ

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ ಭಾರತೀಯ ಸಾಕ್ಷ್ಯ ಅಧಿನಿಯಮವು 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಮೌಖಿಕ ಸಾಕ್ಷ್ಯವು ನೇರವಾಗಿರಬೇಕೆಂದು ಅದರ 60ನೆಯ ಪ್ರಕರಣ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 55ನೆಯ ಪ್ರಕರಣದಲ್ಲಿಯೂ ಇದೇ ನಿಯಮವಿದೆ.

ಜ್ಯೂರಿ ವಿಚಾರಣೆ

1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ, ಸಿರುಗುಪ್ಪ ತಾಲ್ಲೂಕುಗಳು ಮದರಾಸು ಆಡಳಿತದಲ್ಲಿದ್ದವು. 1898ರ ದಂಡ ಪ್ರಕ್ರಿಯಾ ಸಂಹಿತೆಯಂತೆ ಸೆಷನ್ಸ್ ವಿಚಾರಣೆಯು ಜ್ಯೂರಿಯೊಡನೆ ಅಥವಾ ಅಸೆಸರರ ನೆರವಿನಿಂದ ನಡೆಯುತ್ತಿತ್ತು. ಯಾವ ಜಿಲ್ಲೆಯಲ್ಲಿ ಜ್ಯೂರಿ ಇರಬೇಕೆಂಬುದನ್ನು ಸರ್ಕಾರ ಆದೇಶದ ಮೂಲಕ ಗೊತ್ತುಪಡಿಸುತ್ತಿತ್ತು. ಸಂಗತಿಗಳ ತೀರ್ಮಾನ ಜ್ಯೂರಿಯದು. ಸಾಕ್ಷ್ಯದ ಅಂಗೀಕಾರಾರ್ಹತೆಯ ತೀರ್ಮಾನ ನ್ಯಾಯಾಧೀಶರದು. ಎದುರು ಪಕ್ಷದವರು ಆಕ್ಷೇಪಿಸದಿದ್ದರೂ ಅಂಗೀಕಾರಾರ್ಹವಲ್ಲದ ಸಾಕ್ಷ್ಯವನ್ನು ಅವರು ತಡೆಯಬಹುದಾಗಿತ್ತು. ಕಾನೂನಿನ ತರಬೇತಿಯಿಲ್ಲದ ಜ್ಯೂರಿ ಸದಸ್ಯರು ಊರಮಾತಿಗೆ ಹೆಚ್ಚಿನ ಬೆಲೆ ಕೊಟ್ಟಾರೆಂಬ ಭಯವೂ ಈ ನಿಯಮದ ಹಿಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಅವಕಾಶವಿರಲಿಲ್ಲ. ಜ್ಯೂರಿ ಹೋದರೂ ನಿಯಮ ಉಳಿಯಿತು.

ಅಪವಾದಗಳು

ಮರಣಕಾಲೀನ ಹೇಳಿಕೆಯು ಮುಖ್ಯ ಅಪವಾದ. ಮೃತನು ತನ್ನ ಸಾವಿನ ಕಾರಣದ ಅಥವಾ ಸಾವಿಗೆ ದಾರಿಮಾಡಿದ ಸಂದರ್ಭಗಳ ಬಗ್ಗೆ ನುಡಿದದ್ದು ಸ್ವೀಕಾರಾರ್ಹ. 1939ರಲ್ಲಿ ಪಾಕಲ ನಾರಾಯಣಸ್ವಾಮಿ ಪ್ರಕರಣದಲ್ಲಿ, ಮೃತನು ತಾನು ಎಲ್ಲಿಗೆ ಹೋಗುತ್ತಿರುವೆನೆಂದು ಹೆಂಡತಿಗೆ ಹೇಳಿದ್ದ ಮಾತನ್ನು ಪ್ರಿವಿ ಕೌನ್ಸಿಲ್ ಅಂಗೀಕರಿಸಿತು. ವಿಶ್ವಾಸಾರ್ಹವಾದ ಇಂಥ ಹೇಳಿಕೆಯೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು 1957ರಲ್ಲಿ ಕುಶಾಲ್ ರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಘಟನೆಯ ಭಾಗವೇ ಆಗಿ, ಅದರೊಡನೆಯೇ ಹೊರಬಿದ್ದ ಉದ್ಗಾರವೂ ಸ್ವೀಕಾರಾರ್ಹ.

ಪರಿಣಾಮ

ಅಂಗೀಕಾರಾರ್ಹವಲ್ಲದ ಸಾಕ್ಷ್ಯ ದಾಖಲೆಗೆ ಸೇರಿತೆಂಬ ಕಾರಣ ಮಾತ್ರದಿಂದ ತೀರ್ಪು ರದ್ದಾಗುವುದಿಲ್ಲ. ಅದನ್ನು ಕಳೆದ ಬಳಿಕ ಉಳಿದ ಸಾಕ್ಷ್ಯವು ತೀರ್ಪಿಗೆ ಸಾಕಾಗುವುದೇ ಎಂದು ಮೇಲಿನ ನ್ಯಾಯಾಲಯ ಪರಿಶೀಲಿಸುತ್ತದೆ. ಕೇಳಿಕೆಯ ಮಾತಲ್ಲದೆ ಬೇರೇನೂ ಉಳಿಯದಿದ್ದರೆ ಆರೋಪಿಯು ಬಿಡುಗಡೆಗೆ ಅರ್ಹನಾಗುತ್ತಾನೆ.